ಆನೆಗೆ ಕೊಟ್ಟ ಕೊಡೆ

"ಗುರುಗಳೇ, ಹಲಗೆಯ ಮೇಲೆ ಸಾಲಾಗಿ ಚೌಕ ಎಳೆದುಕೊಂಡರೆ ಆಯಿತು. ಚೌಕದೊಳಗಿನ ಗುರುತನ್ನು ನೋಡುವುದು, ಬೇಕಾದರೆ ಅಳಿಸಿ ಬೇರೆ ಬರೆಯುವುದು, ಎಡಕ್ಕೋ ಬಲಕ್ಕೋ ಒಂದು ಚೌಕ ಸರಿಯುವುದು. ಎಷ್ಟೇ ದೊಡ್ಡ ಲೆಕ್ಕವನ್ನೂ ನಾನು ಈ ಮೂರು ಕೆಲಸಕ್ಕೆ ಇಳಿಸಿದ್ದೇನೆ. ಮಾಡುವವರಿಗೆ ತಾವೇನು ಮಾಡುತ್ತಿದ್ದೇವೆಂದು ತಿಳಿಯಬೇಕಾಗಿಯೂ ಇಲ್ಲ. ಮಠದ ಶಾಲೆಯ ಮಕ್ಕಳಿಗೆಲ್ಲ ಇದನ್ನೇ ಕಲಿಸಲೇ? ಇವತ್ತು ಬೆಳಿಗ್ಗೆ ಒಬ್ಬ ಹುಡುಗಿ ಲೆಕ್ಕಕ್ಕೆ ತನ್ನದೇ ದಾರಿ ಹಿಡಿದಿದ್ದಳು. ಹಲಗೆ ಒರೆಸಿಸಿ ಮೊದಲಿನಿಂದ ಮಾಡಿಸಿದೆ" ಎಂದು ಶಿಷ್ಯ ಕೇಳಿದ.

ಗುರುಗಳು ಅವನು ಆ ಮೂರು ಕೆಲಸ ಬರೆದು ತಂದಿದ್ದ ಹಾಳೆಯನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಕಸೂತಿ ಹಾಕುವ ಒಬ್ಬ ಹೆಂಗಸಿದ್ದಳು. ಕಸೂತಿ ಹುಡುಗಾಟದ ಕೆಲಸವಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬಿಟ್ಟದ್ದನ್ನು ಬರುವಾಗ ತುಂಬಬೇಕು. ಗಂಟು ಕೂಡದು. ಹಿಂದು ಮುಂದು ಎರಡೂ ಒಂದೇ ಆಗಿ ಕಾಣಬೇಕು. ಕಲಿಯಲು ಬಂದವರೆಲ್ಲ ದಾರಿ ತಪ್ಪಿ ಬಟ್ಟೆ ಕೆಡಿಸುತ್ತಿದ್ದರು. ನಿನ್ನ ಹಾಗೆ ಅವಳಿಗೂ ತಪ್ಪನ್ನು ಸಹಿಸುವ ತಾಳ್ಮೆ ಕಡಿಮೆ. ಒಂದು ವರ್ಷ ತನ್ನ ಕೈಯನ್ನೇ ತಾನು ನೋಡುತ್ತ ಕೂತು, ಸೂಜಿ ಎಲ್ಲಿದ್ದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ಒಂದೊಂದಾಗಿ ಬರೆದಿಟ್ಟಳು. ಬರೆದಂತೆ ಮಾಡಿದರೆ ಸಾಕು. ಮೂಡುವುದು ಆನೆಯೋ ಗೋಪುರವೋ, ಹೊಲಿಯುವವಳಿಗೆ ಗೊತ್ತಿರಬೇಕಾಗಿಲ್ಲ. ಎಂದೂ ಸೂಜಿ ಹಿಡಿಯದವರೂ ಅಚ್ಚುಕಟ್ಟಾಗಿ ಹೊಲಿದರು. ಊರೆಲ್ಲ ಅವಳನ್ನು ಕೊಂಡಾಡಿತು. ಕೊಂಡಾಡಬೇಕಾದದ್ದೇ, ನಾನೂ ಅಲ್ಲಗಳೆಯುವುದಿಲ್ಲ.

ಅವಳ ತಂಗಿಯ ಮಗಳೂ ಅಲ್ಲಿ ಕಲಿಯುತ್ತಿದ್ದಳು. ಒಂದು ದಿನ ಆ ಹುಡುಗಿ ಬರೆದದ್ದನ್ನು ಬದಿಗಿಟ್ಟು, ಆನೆಯ ಸೊಂಡಿಲಿಗೆ ಒಂದು ಕೊಡೆ ಹೊಲಿದು ತಂದಳು.

"ದೊಡ್ಡವ್ವ, ಪಾಪ, ಯಾವಾಗ್ಲೂ ಬಿಸಿಲಾಗ ನಿಂತಿರ್ತೈತಿ. ಅದಕ್ಕ ಕೊಡಿ ಕೊಟ್ಟೀನಿ."

ಹೆಂಗಸು ಬಟ್ಟೆಯನ್ನು ತಿರುವಿ ಹಿಂಬದಿ ನೋಡಿದಳು. "ಹಿಂದ ಎಳಿ ಅಡ್ಡ ಹೋಗೈತಿ ನೋಡು. ಬಿಚ್ಚು."

ಹುಡುಗಿ ಬಿಚ್ಚಿದಳು. ಅತ್ತಳೋ ಇಲ್ಲವೋ, ದೊಡ್ಡವ್ವ ನೋಡಲಿಲ್ಲ. ಅಲ್ಲಿಂದ ಮುಂದೆ ಹುಡುಗಿ ಬರೆದಿಟ್ಟದ್ದನ್ನು ಮೀರಲೇ ಇಲ್ಲ. ಇಪ್ಪತ್ತು ವರ್ಷ ಹೊಲಿದಳು. ಅವಳ ಕೆಲಸದಲ್ಲಿ ಹಿಂದು ಯಾವುದು, ಮುಂದು ಯಾವುದು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹೆಂಗಸಿಗೆ ವಯಸ್ಸಾಯಿತು, ಕಣ್ಣು ಮಂಜಾಗತೊಡಗಿತು. ಹಿಂದೆ ಯಾರೂ ಹೊಲಿಯದ ಒಂದು ಚಿತ್ರವನ್ನು ಪೂರ್ತಿ ಕುರುಡಾಗುವ ಮೊದಲು ನೋಡಬೇಕೆಂಬ ಒಂದೇ ಆಸೆ ಅವಳಿಗೆ ಉಳಿದಿತ್ತು. ತಂಗಿಯ ಮಗಳ ಮುಂದೆ ಬಿಳಿ ಬಟ್ಟೆ ಹಾಸಿ, "ನಿನ್ನ ಮನಸ್ಸಿಗೆ ಬಂದದ್ದು ಹಾಕವ್ವ" ಎಂದಳು. ತಂಗಿಯ ಮಗಳು ಸೂಜಿಗೆ ನೂಲು ಪೋಣಿಸಿಕೊಂಡು ಮೂರು ದಿನ ಕೂತಳು. ಬಟ್ಟೆ ಹಾಗೆಯೇ ಇತ್ತು.

"ಮೊದಲ್ನೇ ಹೊಲಿಗಿ ಎಲ್ಲಿ ಹಾಕ್ಲಿ, ದೊಡ್ಡವ್ವ?"

"ಅವತ್ತಿನ ಆ ಕೊಡೀನ ಹಾಕು."

"ಯಾವ ಕೊಡಿ?"

ಹೆಂಗಸು ಪೆಟ್ಟಿಗೆಯಿಂದ ಆ ಹಳೆಯ ಆನೆಯ ಬಟ್ಟೆ ತೆಗೆದಳು. ಸೊಂಡಿಲಿನ ತುದಿಯಲ್ಲಿ ಸೂಜಿಯ ತೂತುಗಳಿಗಾಗಿ ಬೆರಳಿನಿಂದ ತಡಕಿದಳು. ಎಳೆಗಳು ಎಂದೋ ಕೂಡಿಕೊಂಡು ತೂತುಗಳನ್ನು ಮುಚ್ಚಿದ್ದವು. ಕೊಡೆ ಹೇಗಿತ್ತೆಂದು ತಾನಾದರೂ ಹೇಳೋಣವೆಂದರೆ, ಅವಳು ಅಂದು ನೋಡಿದ್ದು ಹಿಂಬದಿಯ ತಪ್ಪನ್ನು ಮಾತ್ರ. ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

ಕತೆ ಮುಗಿಯಿತು. ಶಿಷ್ಯ ತನ್ನ ಹಾಳೆಯನ್ನು ಮಡಚಿದ. "ಹಾಗಾದರೆ ಅವಳು ಬರೆದದ್ದೇ ತಪ್ಪೇ, ಗುರುಗಳೇ?"

"ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಮಗು. ಇವತ್ತು ನೀನು ಒರೆಸಿಸಿದೆಯಲ್ಲ, ಆ ಹಲಗೆಯ ಮೇಲೆ ಏನಿತ್ತು?"

ಶಿಷ್ಯ ನೆನಪಿಸಿಕೊಳ್ಳಲು ನೋಡಿದ. ನೆನಪಿಗೆ ಬಂದದ್ದು ಒರೆಸಿದ ಹಲಗೆ ಮಾತ್ರ.