ಕೊಕ್ಕರೆ ತೆಗೆಯಹೊರಟ ಸಿನಿಮಾ

ನಗಬೇಡಿ ಮಕ್ಕಳೇ, ಆಮೆ ಮೇಷ್ಟ್ರಾಗಿದ್ದ ಕೆರೆಯ ಮಾತಿದು. "ಇಬ್ಬಿಬ್ಬರು ಸೇರಿ, ಎದೆ ಝಲ್ಲೆನ್ನುವ ಥ್ರಿಲ್ಲರ್ ಸಿನಿಮಾದ ಮೊದಲ ದೃಶ್ಯ ತೆಗೆದು ತನ್ನಿ" ಅಂದಿತಂತೆ ಆಮೆ. ಕೊಕ್ಕರೆ ನೆಟ್ಟಗೆ ಕಪ್ಪೆಯ ಕಲ್ಲುಸಂದಿಗೆ ಬಂತು.

"ತಂಗೀ, ಎಲ್ಲ ಯೋಚಿಸಿದ್ದೀನಿ. ಕ್ಯಾಮೆರಾ ನಿನ್ನ ಸಂದಿಯೊಳಗಿರಲಿ. ನೀನು ಒಬ್ಬಳೇ ಹೊರಗೆ ಬಾ. ನಾನು ಹಿಂದಿನಿಂದ ಮೆಲ್ಲಗೆ ಬಂದು ಕೊಕ್ಕು ತೆರೀತೀನಿ. ಅಲ್ಲಿಗೆ ಕಟ್!"

ಕಪ್ಪೆಗೆ ಗುಮಾನಿ ಬಂತು. "ಕಟ್ ಅನ್ನೋರು ಯಾರಣ್ಣ?"

"ನಾನೇ. ನಿರ್ದೇಶಕ ನಾನಲ್ವೇ?"

"ಕೊಲೆಗಾರ?"

"ಅದೂ ನಾನೇ. ಬೇರೆಯವರನ್ನ ಯಾಕೆ ಕರೀಬೇಕು?"

"ಬಾಯಿ ತುಂಬಿದ ಮೇಲೆ ಕಟ್ ಅನ್ನೋಕಾಗುತ್ತೇನಣ್ಣ?"

"ಹೆದರುಪುಕ್ಕಲಿ! ಕ್ಯಾಮೆರಾ ಆನ್ ಮಾಡಿ ಹೊರಗೆ ಬಾ" ಅಂತ ಗದರಿ ಕೊಕ್ಕರೆ ಸಂದಿಯ ಬಾಯಲ್ಲಿ ಕಾದು ನಿಂತಿತು. ಕಪ್ಪೆ ಕ್ಯಾಮೆರಾ ಆನ್ ಮಾಡಿತು. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಎತ್ತಿಕೊಂಡು ಹಿಂಬದಿಯಿಂದ ನೀರಿಗೆ ಹಾರಿತು.

ಶಾಲೆಯಲ್ಲಿ ಕಪ್ಪೆ ತೋರಿಸಿದ್ದು ಇಷ್ಟೇ: ಕತ್ತಲ ಸಂದಿ, ಅದರಾಚೆ ಅಲುಗಾಡದೆ ನಿಂತ ಒಂದು ಸಣಕಲು ಕಾಲು. ಮೀನಿನ ಮರಿಗಳು ಚೀರಿ ಒಂದರ ಹಿಂದೊಂದು ಅಡಗಿದವು.

"ಯಾರಮ್ಮ ಇಷ್ಟು ಚೆನ್ನಾಗಿ ನಟಿಸಿದ್ದು?" ಅಂತ ಕೇಳಿತು ಆಮೆ.

"ನಟನೆ ಎಲ್ಲಿ ಬಂತು ಮೇಷ್ಟ್ರೇ," ಅಂದಿತು ಕಪ್ಪೆ, "ಅಣ್ಣ ಇನ್ನೂ ಅಲ್ಲೇ ನಿಂತಿದ್ದಾನೆ."