ಸೊಸೆ ಕಟ್ಟಿದ ಗೊಂಬೆಮನೆ

"ಬುದ್ಧಿ, ಕೈ ಸೇವೆ ಮಾಡುತ್ತಿರುವಾಗ ಮನಸ್ಸು ಬೇರೆ ಕಡೆ ಹೋಗಿ ಕೂತರೆ ಅದು ತಪ್ಪೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮರುಳಯ್ಯ. ಮಠದ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯ ಸ್ವಾಮಿಗಳನ್ನು ನೋಡಿಕೊಳ್ಳುವ ಕೆಲಸ ಅವನ ಪಾಲಿಗೆ ಬಂದು ಬಹಳ ಕಾಲವಾಗಿತ್ತು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಹೊಲಸು ಬಳಿಯುವುದು. ಯಾವುದರಲ್ಲೂ ಲೋಪ ಮಾಡಿದವನಲ್ಲ. ಆದರೆ ದಣಿದಿದ್ದ. ದಣಿವನ್ನು ತಡೆದುಕೊಳ್ಳಲು ಒಂದು ಉಪಾಯ ಕಂಡುಕೊಂಡಿದ್ದ. ಆ ಕೋಣೆಗೆ ಕಾಲಿಡುವಾಗಲೇ ಮನಸ್ಸಿನೊಳಗೆ ಜಪ ಹಿಡಿಯುತ್ತಿದ್ದ. ಆಮೇಲೆ ನರಳಿಕೆ ಕೇಳಿಸುತ್ತಿರಲಿಲ್ಲ, ವಾಸನೆ ತಾಕುತ್ತಿರಲಿಲ್ಲ.

"ಇವತ್ತೇ ಯಾಕೆ ಈ ಪ್ರಶ್ನೆ?" ಎಂದರು ಗುರುಗಳು.

"ಬೆಳಿಗ್ಗೆ ಹಿರಿಯರು 'ಯಾರಾದರೂ ಬನ್ರಪ್ಪ' ಎಂದು ಕೂಗಿದರು, ಬುದ್ಧಿ. ನಾನು ಅಲ್ಲೇ ಕುಳಿತು ಅವರ ಕಾಲು ಒತ್ತುತ್ತಿದ್ದೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಸೊಸೆ ಇದ್ದಳು. ಅವಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ಮನೆಯಲ್ಲಿ ಇರುತ್ತಿದ್ದವರು ಸೊಸೆ ಮತ್ತು ಅತ್ತೆ. ಅತ್ತೆಗೆ ಮೊದಲು ಕಣ್ಣು ಹೋಯಿತು. ಆಮೇಲೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ನಡಿಗೆ ಮಾತ್ರ ಮರಳಲಿಲ್ಲ. ನಡುಮನೆಯ ಮಂಚವೇ ಅವಳ ಲೋಕವಾಯಿತು.

ಸೊಸೆ ಅತ್ತೆಯನ್ನು ಎತ್ತಿ ಕೂರಿಸುತ್ತಿದ್ದಳು, ಮೀಯಿಸುತ್ತಿದ್ದಳು, ತಲೆ ಬಾಚಿ ಗಂಟು ಹಾಕುತ್ತಿದ್ದಳು. ಬಟ್ಟೆ ಒದ್ದೆಯಾದರೆ ಬದಲಿಸುತ್ತಿದ್ದಳು, ಮತ್ತೆ ಒದ್ದೆಯಾದರೆ ಮತ್ತೆ ಬದಲಿಸುತ್ತಿದ್ದಳು. ಅತ್ತೆಯ ಬೆನ್ನಿನಲ್ಲಿ ಒಂದು ಹುಣ್ಣೂ ಏಳಲಿಲ್ಲ. ನೋಡಲು ಬಂದವರು, "ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು" ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಸೊಸೆಗೆ ಇನ್ನಷ್ಟು ದಣಿವಾಗುತ್ತಿತ್ತು. ನಾಳೆಯೂ ಇದನ್ನೇ ಮಾಡು ಎಂದು ಹೇಳಿದಂತೆ ಅವಳಿಗೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ನಿದ್ದೆ ಹೋದ ಮೇಲೆ ಅವಳು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಯಾರೋ ಒಬ್ಬ ಹೆಂಗಸು ರಟ್ಟು ಕತ್ತರಿಸಿ, ಅಂಟಿಸಿ, ಅಂಗೈ ಅಗಲದ ಕೋಣೆ ಕಟ್ಟುತ್ತಿದ್ದಳು. ಬೆರಳುಗುರಿನಷ್ಟು ದಿಂಬು, ಕಡಲೆಕಾಳಿನಷ್ಟು ಲೋಟ. ಸೊಸೆ ಅದನ್ನು ಕೊನೆಯವರೆಗೂ ನೋಡಿದಳು. ಮರುದಿನ ಅತ್ತೆಯ ಡೈಪರ್ ಬಂದಿದ್ದ ಖಾಲಿ ಪೆಟ್ಟಿಗೆಯನ್ನು ರದ್ದಿಗೆ ಹಾಕಲಿಲ್ಲ. ಕತ್ತರಿ ಹಿಡಿದು ಕುಳಿತಳು.

ಮೊದಲನೆಯದು ಸೊಟ್ಟಗಾಯಿತು. ಎರಡನೆಯದರ ಮಾಡು ಕುಸಿಯಿತು. ಆಮೇಲೆ ಬಡಗಿಯ ಹತ್ತಿರ ಪ್ಲೈವುಡ್ ಚೂರುಗಳನ್ನು ಕೇಳಿ ತಂದಳು. ಒಳಕೋಣೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಮನೆ ಎದ್ದು ನಿಂತಿತು. ಅದು ಈಗಿನ ಕಾಲದ ಮನೆ. ಬಿಳಿ ಗೋಡೆ, ನೆಲದಿಂದ ಮಾಡಿನವರೆಗೆ ಗಾಜಿನ ಕಿಟಕಿ, ಹಾಲಿಗೇ ತೆರೆದುಕೊಂಡ ಅಡುಗೆಮನೆ. ಸೋಪಿನ ಡಬ್ಬಿಯಿಂದ ಫ್ರಿಜ್ ಮಾಡಿದಳು. ಹಳೆಯ ರವಿಕೆಯ ಬಟ್ಟೆಯಿಂದ ಸೋಫಾ ಹೊಲಿದಳು. ಕಿಟಕಿಯ ಪಕ್ಕ ಒಂದೇ ಒಂದು ಕುರ್ಚಿ ಇಟ್ಟಳು. ಗುಂಡಿ ಒತ್ತಿದರೆ ಉರಿಯುವ ಪುಟ್ಟ ದೀಪವನ್ನೂ ಕೂರಿಸಿದಳು. ನಡುಮನೆಯಲ್ಲಿ ಮಂಚ ಇರಲಿಲ್ಲ. ಬಚ್ಚಲಿನಲ್ಲಿ ಅತ್ತೆಯನ್ನು ಕೂರಿಸಿ ಮೀಯಿಸುವಂಥ ಪ್ಲಾಸ್ಟಿಕ್ ಕುರ್ಚಿ ಇರಲಿಲ್ಲ.

ಪಕ್ಕದ ಮನೆಯವಳು ನೋಡಿ, "ಯಾವ ಮಗು ಆಡೋಕೆ ಇದು?" ಎಂದು ಕೇಳಿದಳು.

"ಯಾವ ಮಗುವಿಗೂ ಅಲ್ಲ" ಎಂದಳು ಸೊಸೆ.

ಬರಬರುತ್ತ ಆ ಮನೆಗೆ ಹೋಗಲು ಒಳಕೋಣೆಗೆ ಹೋಗಬೇಕೆಂದೇ ಇರಲಿಲ್ಲ. ಗಂಜಿ ಕುಡಿಸುವಾಗ ಪರದೆಗೆ ಯಾವ ಬಣ್ಣ ಹಾಕಲಿ ಎಂದು ಯೋಚಿಸುತ್ತಿದ್ದಳು. ಬಟ್ಟೆ ಬದಲಿಸುವಾಗ ಮೆಟ್ಟಿಲಿನ ಅಳತೆ ಹಾಕುತ್ತಿದ್ದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮೊದಲಿನಂತೆ ಒಳಗೊಳಗೇ ಸಿಟ್ಟು ಕುದಿಯುತ್ತಿರಲಿಲ್ಲ. ಬದುಕುವ ದಾರಿ ಸಿಕ್ಕಿತು ಎಂದುಕೊಂಡಳು. ಸಿಕ್ಕಿದ್ದೂ ನಿಜ.

ಅತ್ತೆಗೆ ಉಣ್ಣುವಾಗ ಮಾತು ಬೇಕು. ತವರಿನ ಎಮ್ಮೆ, ಸತ್ತುಹೋದ ತಂಗಿ, ಬೆಳಗಿನ ಜಾವ ಬಿದ್ದ ಕನಸು, ಹೀಗೆ ಏನಾದರೂ ಹೇಳುತ್ತಿದ್ದಳು. ಸೊಸೆ ಹೂಂಗುಟ್ಟುತ್ತಿದ್ದಳು. ಆದರೆ ನಗಬೇಕಾದ ಕಡೆಯೂ ಹೂಂ, ಅಯ್ಯೋ ಎನ್ನಬೇಕಾದ ಕಡೆಯೂ ಹೂಂ. ಕೆಲವು ಸಲ ಪ್ರಶ್ನೆ ಕೇಳಿದರೂ ಹೂಂ. ಕಣ್ಣಿಲ್ಲದವಳಿಗೆ ಕಿವಿ ಚುರುಕು. ದಿನ ಕಳೆದ ಹಾಗೆ ಅತ್ತೆ ಎಮ್ಮೆಯ ಸುದ್ದಿ ಬಿಟ್ಟಳು, ತಂಗಿಯ ಸುದ್ದಿ ಬಿಟ್ಟಳು. ಆಮೇಲೆ ಬಾಯಿ ತೆರೆಯುವುದು, ನುಂಗುವುದು, ಅಷ್ಟೇ ಉಳಿಯಿತು. ಮಾತು ನಿಂತದ್ದು ಸೊಸೆಯ ಗಮನಕ್ಕೇ ಬರಲಿಲ್ಲ.

ಒಂದು ದಿನ ಅವಳು ಔಷಧಿ ತರಲು ಹೋಗಿದ್ದಳು. ಮರಳಿ ಬಂದಾಗ ಮಂಚ ಖಾಲಿ ಇತ್ತು. ಒಳಕೋಣೆಯಲ್ಲಿ ಏನೋ ಸದ್ದಾಯಿತು. ಓಡಿಹೋಗಿ ನೋಡಿದಳು. ಅತ್ತೆ ಹೇಗೋ ಮಂಚದಿಂದ ಇಳಿದು, ಗೋಡೆ ಹಿಡಿದು, ಕಾಲೆಳೆದುಕೊಂಡು ಅಲ್ಲಿಯವರೆಗೆ ಬಂದಿದ್ದಳು. ಮೇಜಿಗೆ ಮೈ ಆನಿಸಿ ನಿಂತಿದ್ದಳು. ಅವಳ ಒಂದು ಕೈ ಪುಟ್ಟ ಮನೆಯೊಳಗೆ ಇತ್ತು. ಮೆಟ್ಟಿಲು ಕಿತ್ತು ಬಂದಿತ್ತು. ದೀಪ ಬಾಗಿತ್ತು. ಸೋಫಾ ನೆಲದ ಮೇಲೆ ಅವಳ ಪಾದದ ಅಡಿಯಲ್ಲಿ ಸಿಕ್ಕಿತ್ತು.

ಇಷ್ಟು ಕಾಲದಲ್ಲಿ ಸೊಸೆ ಒಮ್ಮೆಯೂ ದನಿ ಎತ್ತಿದವಳಲ್ಲ. ಅಂದು ಎತ್ತಿದಳು.

"ಇದೊಂದನ್ನಾದರೂ ನನಗೆ ಬಿಡಬಾರದಿತ್ತೇ, ಅತ್ತೆ? ನನ್ನದು ಅಂತ ಇದ್ದದ್ದು ಇದೊಂದು!"

ಅತ್ತೆ ಬೆಚ್ಚಿದಳು. ಆದರೆ ಕೈ ಹಿಂದಕ್ಕೆ ತೆಗೆಯಲಿಲ್ಲ.

"ನಿನ್ನನ್ನ ಹುಡುಕ್ಕೊಂಡು ಬಂದೆ ಕಣೇ" ಎಂದಳು. "ಅನ್ನ ಇಡ್ತೀಯ, ನೀರು ಹುಯ್ತೀಯ, ಎಲ್ಲ ಮಾಡ್ತೀಯ. ಆದರೆ ನೀನು ಈ ಮನೇಲಿ ಇಲ್ಲ. ಕತ್ತರಿ ಸದ್ದು ಕೇಳ್ತಿತ್ತು, ಗೋಂದಿನ ವಾಸನೆ ಬರ್ತಿತ್ತು. ಬೇರೆ ಯಾವ ಮನೇಲಿ ಇದ್ದೀಯ, ಮುಟ್ಟಿಯಾದರೂ ನೋಡೋಣ ಅಂತ ಬಂದೆ."

ಸೊಸೆಯ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಅವಳು ಅತ್ತೆಯ ತೋಳು ಹಿಡಿದು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂರಿಸಿದಳು. ತಾನು ನೆಲದ ಮೇಲೆ ಕುಳಿತಳು. ಗಂಡನಿಗೂ ಹೇಳದ ಮಾತು, ತವರಿನಲ್ಲೂ ಆಡದ ಮಾತು ಆಗ ಬಾಯಿಗೆ ಬಂತು.

"ನನಗೆ ಸಾಕಾಗಿದೆ, ಅತ್ತೆ."

ಹೇಳಿ, ತಲೆ ತಗ್ಗಿಸಿ ಕಾದಳು. ಅತ್ತೆ ಅಳುತ್ತಾಳೆ, ಇಲ್ಲವೇ ಶಪಿಸುತ್ತಾಳೆ ಎಂದುಕೊಂಡಿದ್ದಳು. ಅತ್ತೆ ಎರಡನ್ನೂ ಮಾಡಲಿಲ್ಲ.

"ನನಗೂ ಸಾಕಾಗಿದೆ ಕಣೇ. ನಿನಗೆ ಮಾಡಿ ಸಾಕಾಗಿದೆ, ನನಗೆ ಮಾಡಿಸಿಕೊಂಡು ಸಾಕಾಗಿದೆ."

ಬಹಳ ಹೊತ್ತು ಇಬ್ಬರೂ ಹಾಗೇ ಕುಳಿತಿದ್ದರು. ಮೇಲೆತ್ತಲು ಒಬ್ಬಳಿಗೆ ಶಕ್ತಿ ಇರಲಿಲ್ಲ, ಏಳಲು ಇನ್ನೊಬ್ಬಳಿಗೆ ಶಕ್ತಿ ಇರಲಿಲ್ಲ. ಕೊನೆಗೆ ಅತ್ತೆಯೇ ಕೇಳಿದಳು:

"ಇದರಲ್ಲಿ ಅಡುಗೆಮನೆ ಯಾವುದು?"

ಸೊಸೆ ಎದ್ದು, ಅತ್ತೆಯ ತೋರುಬೆರಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಇದು ಒಲೆಕಟ್ಟೆ, ಇದು ಫ್ರಿಜ್, ಇದು ತೊಟ್ಟಿ.

"ಬಾಗಿಲೇ ಇಲ್ಲವಲ್ಲೇ. ಒಗ್ಗರಣೆ ಘಾಟು ಮನೆಯೆಲ್ಲ ತುಂಬಿಕೊಳ್ಳೋದಿಲ್ವಾ?"

"ಇಲ್ಲಿ ಯಾರೂ ಒಗ್ಗರಣೆ ಹಾಕೋದಿಲ್ಲ, ಅತ್ತೆ."

ಅತ್ತೆಯ ಮುಖದಲ್ಲಿ ಸಣ್ಣ ನಗೆ ಸುಳಿಯಿತು. ಬೆರಳು ಮುಂದೆ ಸರಿದು ಕಿಟಕಿಯ ಪಕ್ಕದ ಕುರ್ಚಿಯನ್ನು ಮುಟ್ಟಿತು. ಅದರ ಬೆನ್ನು, ಅದರ ಕೈಗಳು, ಎಲ್ಲವನ್ನೂ ನಿಧಾನವಾಗಿ ಸವರಿತು.

"ಇಲ್ಲಿ ಕೂರೋದು ಯಾರು?"

ಸುಳ್ಳು ಹೇಳಬಹುದಿತ್ತು. ನಿಮಗೇ ಮಾಡಿದ್ದು ಅತ್ತೆ ಎಂದರೆ ಮುದುಕಿ ಹಿಗ್ಗುತ್ತಿದ್ದಳು. ಸೊಸೆಯ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು ಕೂಡ. ಆದರೆ ಸುಳ್ಳು ಹೇಳಲೂ ಆಗದಷ್ಟು ದಣಿದಿದ್ದಳು.

"ನಾನು" ಎಂದಳು.

"ಒಬ್ಬಳೇನಾ?"

"ಒಬ್ಬಳೇ."

ಅತ್ತೆ ತಲೆಯಾಡಿಸಿದಳು. "ಕೂರಬೇಕು" ಎಂದಳು. "ನಿನ್ನ ವಯಸ್ಸಿನಲ್ಲಿ ನಾನೂ ಹಿತ್ತಿಲಲ್ಲಿ ಒಬ್ಬಳೇ ಹೋಗಿ ನಿಂತುಕೊಳ್ತಿದ್ದೆ. ನೀನು ಹೋಗು, ಬೇಡ ಅನ್ನಲ್ಲ. ಹೋಗುವಾಗ ಹೇಳಿ ಹೋಗು. ಇಲ್ಲದಿದ್ದರೆ ನಾನು ಯಾರ ಹತ್ತಿರ ಮಾತಾಡ್ತಾ ಇದ್ದೀನೋ ನನಗೇ ಗೊತ್ತಾಗೋದಿಲ್ಲ."

ಅಂದಿನಿಂದ ಮಧ್ಯಾಹ್ನ ಅತ್ತೆಯನ್ನು ಮಲಗಿಸಿದ ಮೇಲೆ ಸೊಸೆ ಮಂಚದ ಹತ್ತಿರ ನಿಂತು, "ಹೋಗಿ ಬರ್ತೀನಿ, ಅತ್ತೆ" ಎನ್ನುತ್ತಿದ್ದಳು. ಬೇರೆ ಊರಿಗೆ ಹೊರಟವಳಿಗೆ ಹೇಳುವಂತೆ ಅತ್ತೆ, "ಹೂಂ, ಹೋಗಿ ಬಾ" ಎನ್ನುತ್ತಿದ್ದಳು. ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿತ್ತು. ಬಾಗಿಲು ತೆರೆಯುವವರೆಗೆ, ತೀರಾ ತಡೆಯಲಾಗದ ಹೊರತು, ಅತ್ತೆ ಕೂಗುತ್ತಿರಲಿಲ್ಲ. ಗಂಜಿಯ ಹೊತ್ತಿಗೆ ಸೊಸೆ ಗಂಜಿಯ ಹತ್ತಿರವೇ ಇರುತ್ತಿದ್ದಳು. ಎಮ್ಮೆಯ ಸುದ್ದಿ ಮತ್ತೆ ಬಂತು. ಸುದ್ದಿಯ ಜೊತೆಗೆ ಜಗಳವೂ ಬಂತು. ಉಪ್ಪಿಲ್ಲ ಎಂದು ಅತ್ತೆ ಗೊಣಗಿದರೆ, ವೈದ್ಯರೇ ಬೇಡ ಅಂದಿದ್ದಾರೆ ಎಂದು ಸೊಸೆ ತಿರುಗಿ ಹೇಳುತ್ತಿದ್ದಳು. ಗಂಡ ಬಂದಾಗ, "ನೀವು ಇರುವಷ್ಟು ದಿನ ನಿಮ್ಮ ತಾಯಿಯನ್ನು ನೀವೇ ಮೀಯಿಸಿ" ಎಂದಳು. ಅವನು ಮುಖ ಸಪ್ಪಗೆ ಮಾಡಿಕೊಂಡ. ಅತ್ತೆಯೂ ನಾಚಿಕೊಂಡಳು. ಆದರೂ ಆ ಕೆಲಸ ನಡೆಯಿತು.

ಅತ್ತೆ ಬೇಗ ಸಾಯಲಿಲ್ಲ. ಬಹಳ ಕಾಲ ಬದುಕಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಇನ್ನೂ ಏನೋ ಇದೆ ಎಂದು ಕಾದ. ಏನೂ ಬರದಿದ್ದಾಗ ಕೇಳಿದ:

"ಹಾಗಾದರೆ ಅವಳ ದಣಿವು ಕಳೆಯಿತೇ, ಬುದ್ಧಿ?"

"ಇಲ್ಲ" ಎಂದರು ಗುರುಗಳು. "ಆಮೇಲೆ ಇಬ್ಬರೂ ಒಂದೇ ಮನೆಯಲ್ಲಿ ದಣಿದರು."

ಮರುಳಯ್ಯ ಎದ್ದು ಹಿಂದಿನ ಕೋಣೆಗೆ ಹೋಗಿ, ಜಪ ಹಿಡಿಯದೆ, "ಬಂದೆ, ಬುದ್ಧಿ" ಎಂದು ಹಿರಿಯರ ಹತ್ತಿರ ಕುಳಿತ.