ಬೆಟ್ಟಕ್ಕೆ ಹೊತ್ತ ಅಕ್ಷರ

"ಗುರುಗಳೇ, ಕೆಲವು ಮಕ್ಕಳಿಗೆ ವಿದ್ಯೆ ಹತ್ತುವುದೇ ಇಲ್ಲವೇ?" ಎಂದು ಶಿಷ್ಯ ಕೇಳಿದ. ಬೆಟ್ಟದ ಮೇಲೆ ಕಾಡುಜನರು ಬದುಕುವ ಹಾಡಿಯೊಂದರಲ್ಲಿ ಎಳೆಯ ಮಕ್ಕಳಿಗೆ ಕಲಿಸಲು ಹೋಗಿದ್ದ ಅವನು ಒಂದು ವರ್ಷ ಅಲ್ಲಿದ್ದು ಸೋತು ಹಿಂದಿರುಗಿದ್ದ. "ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವರು ಬಾಯಿಯನ್ನೇ ಬಿಡಲಿಲ್ಲ."

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕಾಡಿನ ನಡುವೆ ಒಂದು ಹಾಡಿ. ಕೆಳಗಿನ ಊರಿಗೆ ಅಲ್ಲಿಂದ ಮೂರು ಹರಿದಾರಿ. ಹಾಡಿಯ ಎಳೆಯ ಮಕ್ಕಳಿಗೆಂದು ಸರ್ಕಾರ ಒಂದು ಮನೆ ಕಟ್ಟಿಸಿತ್ತು. ಅಲ್ಲಿ ಗಂಜಿ ಬೇಯಿಸುವ ಕೆಲಸ ಕೇತಮ್ಮ ಎಂಬ ಹೆಂಗಸಿನದು. ಅವಳಿಗೆ ಓದು ಬಾರದು. ಇಬ್ಬರು ಹೆಣ್ಣುಮಕ್ಕಳ ತಾಯಿ.

ಹಿರಿಯವಳಿಗೆ ಆರು ವರ್ಷ ತುಂಬಿದಾಗ ಕೆಳಗಿನ ಊರಿನ ವಸತಿಶಾಲೆಗೆ ಸೇರಿಸಿದ್ದರು. ಹನ್ನೊಂದನೆಯ ದಿನ ಆ ಮಗು ಆನೆ ದಾರಿಯಲ್ಲಿ ಒಬ್ಬಳೇ ನಡೆದು ಮನೆಗೆ ಬಂತು. ಕಾಲು ಬಾತಿತ್ತು. ಯಾಕೆ ಬಂದೆ ಎಂದು ತಾಯಿ ಕೇಳಿದಾಗ ಅದು ಹೇಳಿದ್ದು ಇಷ್ಟೇ: "ಹೊಟ್ಟೆ ನೋವು ಅಂದೆ ಅವ್ವ. ಅಲ್ಲಿ ಯಾರಿಗೂ ತಿಳೀಲಿಲ್ಲ." ಹಾಡಿಯ ಮಾತು ಬೇರೆ, ಊರಿನ ಮಾತು ಬೇರೆ. ಅಂದಿನಿಂದ ಆ ಹುಡುಗಿ ಪುಸ್ತಕ ಕಂಡರೆ ಎದ್ದು ಹೋಗುತ್ತಿದ್ದಳು. ಕಿರಿಯವಳು ಮಾದೇವಿಗೆ ಆಗ ನಾಲ್ಕು. ಇನ್ನೆರಡು ವರ್ಷಕ್ಕೆ ಅವಳ ಸರದಿ.

ಮಕ್ಕಳ ಮನೆಗೆ ಊರಿನಿಂದ ಇಬ್ಬರು ಉಪಾಧ್ಯಾಯರು ಬಂದು ಹೋಗಿದ್ದರು. ಮೂರನೆಯವನು ಏಳು ತಿಂಗಳು ಇದ್ದ. ಹೋಗುವಾಗ ಕೀಲಿಯನ್ನು ಕೇತಮ್ಮನ ಕೈಗೆ ಕೊಟ್ಟು, "ಬೀಗ ಹಾಕಿಬಿಡು. ಇವು ಮಾತು ಬಾರದ ಮಕ್ಕಳು ಅಂತ ಬರೆದು ಕಳಿಸಿದ್ದೇನೆ" ಎಂದ.

ಆ ಮಾತು ಅವಳಿಗೆ ನಾಟಿತು. ಅದೇ ಮಕ್ಕಳು ಹಳ್ಳದ ದಡದಲ್ಲಿ ಬೆಳಗಿನಿಂದ ಬೈಗಿನವರೆಗೆ ಗುಬ್ಬಿಗಳ ಹಾಗೆ ಮಾತಾಡುವುದನ್ನು ಅವಳು ಕೇಳಿದ್ದಳು. ಮರುದಿನ ಅವಳು ಬೀಗ ಹಾಕಲಿಲ್ಲ. ಬಾಗಿಲು ತೆರೆದು ಗಂಜಿಗೆ ಇಟ್ಟಳು. ಮಕ್ಕಳು ಬಂದರು. ಉಂಡ ಮೇಲೆ ಅವರನ್ನು ಕೂರಿಸಿಕೊಂಡು ಮನೆಯ ಮಾತಿನಲ್ಲೇ ಮಾತಿಗೆ ಎಳೆದಳು. ನೆಲ್ಲಿಕಾಯಿ ಎಣಿಸಿದರು. ಒಬ್ಬಳು ಮುದುಕಿ ಬಂದು ಹಾಡು ಹೇಳಿಕೊಟ್ಟಳು. ಜೇನು ಕೀಳುವ ಮುದುಕನೊಬ್ಬ ನೆಲದ ಮೇಲಿನ ಹೆಜ್ಜೆ ನೋಡಿ ಪ್ರಾಣಿಯ ಗುರುತು ಹಿಡಿಯುವುದನ್ನು ಕಲಿಸಿದ. ಒಂದು ತಿಂಗಳಿಗೆಲ್ಲ ಆ ಮನೆಯೊಳಗೆ ಗದ್ದಲವೋ ಗದ್ದಲ.

ಆದರೆ ಊರಿನ ಶಾಲೆ ಕೇಳುವುದು ಅಕ್ಷರವನ್ನು, ಊರಿನ ಮಾತನ್ನು. ಅದು ಕೇತಮ್ಮನಿಗೆ ಗೊತ್ತಿತ್ತು. ಸಂತೆಗೆ ಹೋಗಿ ಬಂದು ಅವಳಿಗೆ ಊರಿನ ಮಾತು ಅಷ್ಟಿಷ್ಟು ಬರುತ್ತಿತ್ತು. ಸಂತೆಯ ದಿನ ಅವಳು ಬೆಟ್ಟ ಇಳಿದು, ಶಾಲೆಯ ಹೆಡ್‌ಮಾಸ್ತರರ ಮುಂದೆ ನಿಂತಳು.

"ಅಯ್ಯಾ, ವಾರಕ್ಕೆ ಎರಡು ಅಕ್ಷರ ಕೊಡಿ. ಹೊತ್ತುಕೊಂಡು ಹೋಗ್ತೀನಿ."

ಹೆಡ್‌ಮಾಸ್ತರರು ನಗಲಿಲ್ಲ. ಸ್ಲೇಟು ತೆಗೆದು ಎರಡು ಅಕ್ಷರ ಬರೆದು ತೋರಿಸಿದರು. ಅವುಗಳಿಂದ ಹುಟ್ಟುವ ಊರಿನ ನಾಲ್ಕು ಮಾತುಗಳನ್ನೂ ಹೇಳಿಕೊಟ್ಟರು. ಮರೆಯದಂತೆ ಅವಳು ದಾರಿಯುದ್ದಕ್ಕೂ ಬೆರಳಿನಿಂದ ಅಂಗೈ ಮೇಲೆ ತಿದ್ದಿಕೊಳ್ಳುತ್ತ ಹತ್ತಿದಳು. ಬೆಳಗ್ಗೆ ಮಕ್ಕಳ ಮನೆಯ ನೆಲದ ಮೇಲೆ ಮರಳು ಹರವಿ ಅವನ್ನೇ ಬರೆದಳು. ಈ ಮಾತಿಗೆ ನಮ್ಮಲ್ಲಿ ಹೀಗೆ, ಊರಿನಲ್ಲಿ ಹೀಗೆ ಎಂದು ಎರಡನ್ನೂ ಜೊತೆಯಲ್ಲೇ ಹೇಳಿದಳು.

ಒಂದು ಸಂತೆಯ ದಿನ ಆನೆ ದಾರಿಗೆ ಅಡ್ಡ ನಿಂತಿತು. ಬಂಡೆ ಹತ್ತಿ ಬಹಳ ಹೊತ್ತು ಕಾದಳು. ಆನೆ ಸರಿಯುವಷ್ಟರಲ್ಲಿ ಭಯಕ್ಕೆ ಒಂದು ಅಕ್ಷರ ಮರೆತೇ ಹೋಗಿತ್ತು. ಮರುದಿನ ಅದೊಂದಕ್ಕಾಗಿ ಮತ್ತೆ ಮೂರು ಹರಿದಾರಿ ಇಳಿದು ಮೂರು ಹರಿದಾರಿ ಹತ್ತಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಿರಿಯ ಮಗಳು ಬಂದು ಹೊಸ್ತಿಲ ಹೊರಗೆ ಕೂರತೊಡಗಿದಳು. ಕೇತಮ್ಮ ಕರೆಯಲಿಲ್ಲ. ಒಂದು ದಿನ ಕಿರಿಯವಳು ತಪ್ಪು ಬರೆದಾಗ ಹಿರಿಯವಳು ತಾನಾಗಿ ಒಳಗೆ ಬಂದು ಅಳಿಸಿ ತಿದ್ದಿದಳು. ತಾಯಿ ಗಂಜಿಯ ಮಡಕೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಉಪಾಧ್ಯಾಯ ಬರೆದ ಕಾಗದ ಮೇಜಿನಿಂದ ಮೇಜಿಗೆ ಹೋಗಿ, ಅಧಿಕಾರಿ ಬೆಟ್ಟ ಹತ್ತುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಮನೆಯನ್ನು ಮುಚ್ಚುವ ಆಜ್ಞೆ ಅವನ ಚೀಲದಲ್ಲಿತ್ತು. ಹೆಡ್‌ಮಾಸ್ತರರೂ ಜೊತೆಗೆ ಬಂದಿದ್ದರು. ಅಧಿಕಾರಿ ಒಂದು ಚಿತ್ರ ಎತ್ತಿ ಹಿಡಿದು, "ಇದೇನು?" ಎಂದ. ಅದು ರೈಲು. ಮಕ್ಕಳು ಸುಮ್ಮನೆ ನೋಡಿದರು. ಅವನು ಚೀಲಕ್ಕೆ ಕೈ ಹಾಕಿದ.

"ಅಯ್ಯಾ," ಎಂದಳು ಕೇತಮ್ಮ, "ಅವರು ಕಾಣದ್ದನ್ನು ಕೇಳಿದಿರಿ. ಕಂಡದ್ದನ್ನೂ ಒಮ್ಮೆ ಕೇಳಿ."

ಎಲ್ಲರೂ ಹೊರಗೆ ಬಂದರು. ಹಳ್ಳದ ಬಳಿ ಒದ್ದೆ ಮರಳಿನಲ್ಲಿ ಹೆಜ್ಜೆಗಳಿದ್ದವು. ಅಧಿಕಾರಿ ಅವನ್ನು ತೋರಿಸಿದ. ಮಾದೇವಿ ಕುಕ್ಕರುಗಾಲಲ್ಲಿ ಕೂತು ನೋಡಿ ಊರಿನ ಮಾತಿನಲ್ಲೇ ಹೇಳಿದಳು: "ತಾಯಿ ಮುಂದೆ, ಮರಿ ಹಿಂದೆ. ಬೆಳಗ್ಗೆ ನೀರು ಕುಡಿದು ಹೋಗಿವೆ." ಹಾಗೆಂದು ಹೆಜ್ಜೆಯ ಪಕ್ಕದಲ್ಲಿ ಬೆರಳಿನಿಂದ ಮೂರಕ್ಷರ ಬರೆದಳು.

ಅಧಿಕಾರಿ ಬಗ್ಗಿ ಗಟ್ಟಿಯಾಗಿ ಓದಿದ. "ಕರಡಿ."

ಅವನು ಒಂದು ಹೆಜ್ಜೆ ಹಿಂದೆ ಸರಿದು ಸುತ್ತ ನೋಡಿದ. ಮಕ್ಕಳೆಲ್ಲ ನಕ್ಕರು. ಅವನೂ ನಕ್ಕ. ಯಾರು ಕಲಿಸಿದ್ದು ಎಂದು ಕೇಳಿದಾಗ ಹೆಡ್‌ಮಾಸ್ತರರು ಕೇತಮ್ಮನನ್ನು ತೋರಿಸಿದರು. "ಈಕೆ ನನ್ನ ವಿದ್ಯಾರ್ಥಿನಿ. ಒಂದು ಸಂತೆಯನ್ನೂ ತಪ್ಪಿಸಿಲ್ಲ."

ಆಜ್ಞೆ ಚೀಲದಲ್ಲೇ ಕೆಳಗೆ ಇಳಿಯಿತು. ಕೇತಮ್ಮನನ್ನೇ ಆ ಮನೆಯ ಉಪಾಧ್ಯಾಯಿನಿಯಾಗಿ ನೇಮಿಸಿದ ಕಾಗದ ಬೆಟ್ಟ ಹತ್ತಿ ಬಂತು. ಶಾಲೆ ತೆರೆದಾಗ ಹಾಡಿಯ ಆರು ಮಕ್ಕಳು ಬೆಟ್ಟ ಇಳಿದರು. ಹಿರಿಯ ಮಗಳು ತಂಗಿಯ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ಹನ್ನೊಂದನೆಯ ದಿನ ಕೇತಮ್ಮ ಬೆಳಗಿನಿಂದ ದಾರಿಯ ತುದಿಯಲ್ಲಿ ನಿಂತಿದ್ದಳು. ಯಾರೂ ಬರಲಿಲ್ಲ. ಅವಳ ಜನ್ಮದಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿರಲಿಲ್ಲ.

ಮುಂದೆ ಸುತ್ತಲಿನ ಏಳು ಹಾಡಿಗಳ ಹೆಂಗಸರು ಅವಳಲ್ಲಿಗೆ ಬಂದು ಕಲಿತು ಹೋದರು. ಏಳು ಹಾಡಿಗಳಲ್ಲೂ ಮಕ್ಕಳ ಮನೆಯ ಬಾಗಿಲು ತೆರೆಯಿತು. ಮಾದೇವಿ ಹತ್ತನೆಯ ತರಗತಿ ಪಾಸಾದ ದಿನ ಇಡೀ ಬೆಟ್ಟ ಡೋಲು ಬಡಿದು ಕುಣಿಯಿತು.

ಕತೆ ಮುಗಿಯಿತು. ಶಿಷ್ಯ, "ಆಕೆಗೆ ಆ ಮಕ್ಕಳ ಮಾತು ಹುಟ್ಟಿನಿಂದಲೇ ಗೊತ್ತಿತ್ತು. ನಾನು ಹೊರಗಿನವನು" ಎಂದ.

ಗುರು ಕೇಳಿದರು: "ಒಂದು ವರ್ಷ ಅಲ್ಲಿದ್ದೆಯಲ್ಲ, ಅವರ ಮಾತಿನಲ್ಲಿ ನೀನು ಕಲಿತು ಬಂದ ಒಂದು ಪದ ಹೇಳು."